ಹಾಲ್ ಗೋಡೆಗೋ, ಬೀರುವಿಗೋ? ಕ್ವಿಯರ್ ಕಲೆ ಕೊಳ್ಳುವವರಿಗೆ ಒಂದು ಹೋಲಿಕೆ

ಹೋದ ತಿಂಗಳು ಗೆಳೆಯನೊಬ್ಬ ಫೋನ್ ಮಾಡಿದ. ಬೋನಸ್ ಬಂದಿದೆ, ಒಂದು ಲಕ್ಷ ಎತ್ತಿಟ್ಟಿದ್ದೀನಿ, ಕ್ವಿಯರ್ (ಸಲಿಂಗಿ, ಟ್ರಾನ್ಸ್ ಮುಂತಾದ) ಕಲಾವಿದರ ಚಿತ್ರವೊಂದನ್ನು ಕೊಳ್ಳಬೇಕು. ಹರಾಜಿನಲ್ಲಿ ತಗೊಳ್ಳಲಾ, ಗ್ಯಾಲರಿಯಲ್ಲಾ, ಇಲ್ಲ ನೇರವಾಗಿ ಕಲಾವಿದರ ಹತ್ತಿರವೇ ಹೋಗಲಾ ಅಂತ ಕೇಳಿದ. ಆಮೇಲೆ ದನಿ ತಗ್ಗಿಸಿ, ‘ರೇಟು ಏರುತ್ತೆ ಅಲ್ವಾ?’ ಅಂದ.

ನಾನು ತಿರುಗಿ ಕೇಳಿದ್ದು ಒಂದೇ. ‘ಎಲ್ಲಿ ಹಾಕ್ತೀಯಾ? ಹಾಲ್‌ನಲ್ಲಾ, ರೂಮಿನಲ್ಲಾ, ಬೀರುವಿನ ಒಳಗಾ?’

ಅವನು ನಕ್ಕ. ನಾನು ತಮಾಷೆಗೆ ಕೇಳಿರಲಿಲ್ಲ. ಊರಿಂದ ಅಮ್ಮ ಬಂದಾಗ ಇಳಿಸಿಡಬೇಕಾದ ಚಿತ್ರ, ಬಾಡಿಗೆ ಮನೆಯ ಓನರ್ ಬಂದಾಗ ಬಾಗಿಲು ಮುಂದೆ ಮಾಡಬೇಕಾದ ಕೋಣೆ, ಇವೆಲ್ಲ ನಮ್ಮ ಕಡೆ ಕ್ವಿಯರ್ ಕಲೆ ಕೊಳ್ಳುವವರ ದಿನನಿತ್ಯದ ಸಂಗತಿ. ಯಾವುದನ್ನು ಎಲ್ಲಿಂದ ಕೊಳ್ಳಬೇಕು ಅನ್ನುವುದಕ್ಕೆ ಬಜೆಟ್ ಎಷ್ಟು ಮುಖ್ಯವೋ ಇದೂ ಅಷ್ಟೇ ಮುಖ್ಯ.

ಮೊದಲು ಆ ದೊಡ್ಡ ಅಂಕಿ

ತುಂಬಾ ಜನಕ್ಕೆ ಈ ಆಸೆ ಹುಟ್ಟುವುದೇ ಭೂಪೇನ್ ಖಖ್ಖರ್ ಹೆಸರು ಕೇಳಿ. ಬರೋಡಾದಲ್ಲಿ ಚಾರ್ಟರ್ಡ್ ಅಕೌಂಟೆಂಟ್ ಕೆಲಸ ಮಾಡಿಕೊಂಡೇ ಚಿತ್ರ ಬರೆದವರು. 1981ರ ‘ಯು ಕಾಂಟ್ ಪ್ಲೀಸ್ ಆಲ್’ ಚಿತ್ರದಲ್ಲಿ ಗಂಡಸೊಬ್ಬ ಮೈಮೇಲೆ ಬಟ್ಟೆಯಿಲ್ಲದೆ ಬಾಲ್ಕನಿಯಲ್ಲಿ ನಿಂತು ಊರು ನೋಡುತ್ತಿದ್ದಾನೆ. ಕೆಳಗೆ ಅಪ್ಪ, ಮಗ, ಕತ್ತೆಯ ಕತೆ ನಡೆಯುತ್ತಿದೆ. ನಮಗೂ ಗೊತ್ತಿರುವ ಕತೆಯೇ. ಕತ್ತೆ ಮೇಲೆ ಕೂತರೂ ಬೈತಾರೆ, ಇಳಿದು ನಡೆದರೂ ಬೈತಾರೆ. ತಾನು ಸಲಿಂಗಿ ಅನ್ನುವುದನ್ನು ಖಖ್ಖರ್ ಮುಚ್ಚಿಡದೆ ಹೇಳಿದ ಚಿತ್ರ ಅಂತಲೇ ಅದನ್ನು ಈಗ ಎಲ್ಲರೂ ನೋಡುತ್ತಾರೆ. ಅದು ಲಂಡನ್ನಿನ ಟೇಟ್ ಮ್ಯೂಸಿಯಂ ಸಂಗ್ರಹದಲ್ಲಿದೆ.

ಮರುವರ್ಷದ ‘ಟೂ ಮೆನ್ ಇನ್ ಬನಾರಸ್’ 2019ರ ಜೂನ್‌ನಲ್ಲಿ ಲಂಡನ್ನಿನ ಸದಬೀಸ್ ಹರಾಜಿನಲ್ಲಿ 25 ಲಕ್ಷ ಪೌಂಡ್ ದಾಟಿತು. ನಮ್ಮ ಲೆಕ್ಕದಲ್ಲಿ ಸುಮಾರು 22 ಕೋಟಿ. ಅದಕ್ಕೂ ಮುಂಚೆ, 2017ರಲ್ಲಿ, ಅವರ ‘ಡಿಲಕ್ಸ್ ಟೇಲರ್ಸ್’ 11 ಲಕ್ಷ ಪೌಂಡ್‌ಗೆ ಹೋಗಿತ್ತು. ಅಂದಾಜು ಮಾಡಿದ್ದು ಎರಡೂವರೆಯಿಂದ ಮೂರೂವರೆ ಲಕ್ಷ. ಮೊದಲನೆಯದರಲ್ಲಿ ಇಬ್ಬರು ಗಂಡಸರು ಬೆತ್ತಲೆ ತಬ್ಬಿ ನಿಂತಿದ್ದಾರೆ. ಎರಡನೆಯದರಲ್ಲಿ ಇರುವುದು ಒಂದು ದರ್ಜಿ ಅಂಗಡಿ, ಅಷ್ಟೇ. ಕ್ವಿಯರ್ ಕಲಾವಿದರು ಬರೆದದ್ದೆಲ್ಲ ಕ್ವಿಯರ್ ವಿಷಯದ ಚಿತ್ರವಲ್ಲ. ನಿಮಗೆ ಬೇಕಿರುವುದು ಯಾವುದು, ಆ ಕಲಾವಿದರ ಕೆಲಸವೋ, ಆ ವಿಷಯವೋ? ಹಾಲ್ ಗೋಡೆಯ ಪ್ರಶ್ನೆ ಇಲ್ಲಿಯೇ ಅರ್ಧ ಬಗೆಹರಿಯಬಹುದು.

ಖಖ್ಖರ್ ತೀರಿಕೊಂಡದ್ದು 2003ರಲ್ಲಿ. ಟೇಟ್ ಮಾಡರ್ನ್ ದೊಡ್ಡ ಪ್ರದರ್ಶನ ಮಾಡಿದ್ದು 2016ರಲ್ಲಿ. ಮೇಲಿನ ಎರಡೂ ಬೆಲೆ ಬಂದದ್ದು ಅದಾದ ಮೇಲೆ. ಚಿತ್ರಕ್ಕೂ ಆ ಬೆಲೆಗೂ ನಡುವೆ ಸುಮಾರು ನಲವತ್ತು ವರ್ಷ ಕಳೆದಿತ್ತು. ಆ ಕಾಲದಲ್ಲಿ ಕೊಂಡವರು ಇಷ್ಟಪಟ್ಟು ಕೊಂಡಿರಬೇಕು, ಗೋಡೆ ಮೇಲೆ ಹಾಕಿ ದಿನಾ ನೋಡಿರಬೇಕು.

ಬೇಗ ಏರಿದ್ದೂ ಉಂಟು. ಲಾಹೋರ್‌ನಲ್ಲಿ ಹುಟ್ಟಿ ನ್ಯೂಯಾರ್ಕ್‌ನಲ್ಲಿರುವ ಸಲ್ಮಾನ್ ತೂರ್ 2019ರಲ್ಲಿ ಬರೆದ ‘ಫೋರ್ ಫ್ರೆಂಡ್ಸ್’ 2022ರ ನವೆಂಬರ್‌ನಲ್ಲೇ 15 ಲಕ್ಷ ಡಾಲರ್ ದಾಟಿತು. ನಡುವೆ ವಿಟ್ನಿ ಮ್ಯೂಸಿಯಂನಲ್ಲಿ ಅವರ ಪ್ರದರ್ಶನ ನಡೆದಿತ್ತು. ಇಂಥ ಚಿತ್ರ ಮೊದಲ ಬೆಲೆಗೆ ಸಿಗುವುದು ಗ್ಯಾಲರಿಯ ವೇಟಿಂಗ್ ಲಿಸ್ಟಿನಲ್ಲಿ ಮುಂದಿದ್ದವರಿಗೆ. ನನ್ನ ನಿಮ್ಮ ಹೆಸರು ಅಲ್ಲಿ ಇರುವುದಿಲ್ಲ. 2022ರ ಆಮೇಲೆ ಎಳೆಯ ಕಲಾವಿದರ ಹರಾಜು ಮಾರುಕಟ್ಟೆಯೇ ತಣ್ಣಗಾಯಿತು, ಅದನ್ನೂ ನೆನಪಿಡಿ.

ಹರಾಜು

ಹರಾಜಿನ ಒಳ್ಳೆಯ ಗುಣವೆಂದರೆ ಬೆಲೆ ಎಲ್ಲರಿಗೂ ಕಾಣುತ್ತದೆ. ಹಿಂದೆ ಯಾರ ಬಳಿ ಇತ್ತು, ಎಲ್ಲಿ ಪ್ರದರ್ಶನವಾಗಿತ್ತು ಅನ್ನುವುದನ್ನು ಕ್ಯಾಟಲಾಗ್‌ನಲ್ಲಿ ಹಾಕಿರುತ್ತಾರೆ. ಆದರೆ ಒಂದು ಸಣ್ಣ ಲೆಕ್ಕ ಮಾಡಿ. ಸುತ್ತಿಗೆ ಬಿದ್ದದ್ದು 3 ಲಕ್ಷಕ್ಕೆ ಅನ್ನಿ. ಹರಾಜಿನವರಿಗೆ ಕೊಡಬೇಕಾದ ಕೊಳ್ಳುವವರ ಪ್ರೀಮಿಯಂ ಅಂತ ಸಾಮಾನ್ಯವಾಗಿ 20 ಪರ್ಸೆಂಟ್ ಆಸುಪಾಸು ಸೇರುತ್ತದೆ. ಅಲ್ಲಿಗೆ 3.6 ಲಕ್ಷ. ಅದರ ಮೇಲೆ ಜಿಎಸ್‌ಟಿ, ಸಾಗಣೆ. ನಾಳೆ ಮಾರಲು ಹೋದರೆ ಹರಾಜಿನವರು ನಿಮ್ಮಿಂದಲೂ ಕಮಿಷನ್ ಹಿಡಿಯುತ್ತಾರೆ. 10 ಪರ್ಸೆಂಟ್ ಅಂತಿಟ್ಟುಕೊಂಡರೂ, ಹಾಕಿದ 3.6 ಲಕ್ಷ ವಾಪಸ್ ಬರಬೇಕಾದರೆ ಸುತ್ತಿಗೆ 4 ಲಕ್ಷಕ್ಕೆ ಬೀಳಬೇಕು. ಅಂದರೆ ಬೆಲೆ ಮೂರನೇ ಒಂದು ಭಾಗ ಏರಿದರೂ ನೀವು ಹೊರಟ ಜಾಗದಲ್ಲೇ ಇರುತ್ತೀರಿ. ಟ್ಯಾಕ್ಸನ್ನು ಇನ್ನೂ ಲೆಕ್ಕಕ್ಕೇ ತಗೊಂಡಿಲ್ಲ.

ಇನ್ನೊಂದು ವಿಷಯ. ಹರಾಜಿನಲ್ಲಿ ನೀವು ಕೊಟ್ಟ ದುಡ್ಡು ಹಿಂದಿನ ಮಾಲೀಕರಿಗೆ ಹೋಗುತ್ತದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 53ಎ ಕಲಂ ಪ್ರಕಾರ, ಮೂಲ ಚಿತ್ರ ಹತ್ತು ಸಾವಿರ ರೂಪಾಯಿಗಿಂತ ಜಾಸ್ತಿಗೆ ಮರುಮಾರಾಟವಾದರೆ ಕಲಾವಿದರಿಗೂ ಪಾಲಿದೆ, ಗರಿಷ್ಠ 10 ಪರ್ಸೆಂಟ್‌ವರೆಗೆ. ಅದನ್ನು ಕೇಳಿ ಪಡೆದವರನ್ನು ಮಾತ್ರ ನಾನು ಇದುವರೆಗೆ ಕಂಡಿಲ್ಲ. ಕಲಾವಿದರಿಗೆ ನೆರವಾಗಲಿ ಅಂತ ನೀವು ಕೊಳ್ಳುತ್ತಿದ್ದರೆ ಹರಾಜು ತಪ್ಪು ಜಾಗ. ಹೆಸರಾದವರ ಚಿಕ್ಕ ಕೆಲಸ ಬೇಕಿದ್ದರೆ ಸರಿಯಾದ ಜಾಗ. ಖಖ್ಖರ್ ಎಚಿಂಗ್ (ತಗಡಿನಲ್ಲಿ ಕೊರೆದು ಅಚ್ಚು ತೆಗೆದ ಚಿತ್ರ), ಜಲವರ್ಣ, ಸೆರಾಮಿಕ್ ಕೂಡ ಮಾಡಿದ್ದರು. ದೊಡ್ಡ ಕ್ಯಾನ್ವಾಸಿನ ಆಸೆ ಬಿಟ್ಟವರು ಅಂಥದಕ್ಕೆ ಕಾದು ಕೂರಬಹುದು.

ಗ್ಯಾಲರಿ, ಅದರಲ್ಲೂ ಫೋಟೋ

ಒಂದರಿಂದ ಮೂರು ಲಕ್ಷದ ಒಳಗಿನವರಿಗೆ ನಾನು ಹೆಚ್ಚಾಗಿ ಹೇಳುವುದು ಫೋಟೋ. ಭಾರತದ ಕ್ವಿಯರ್ ಕಲೆಯಲ್ಲಿ ಕ್ಯಾಮೆರಾದ ಕೆಲಸ ಗಟ್ಟಿಯಾಗಿದೆ. ಪೇಂಟಿಂಗ್ ಒಂದೇ ಇರುತ್ತದೆ, ಫೋಟೋಕ್ಕೆ ಐದೋ ಏಳೋ ಹತ್ತೋ ಪ್ರತಿ ಇರುತ್ತವೆ, ಹಾಗಾಗಿ ಕೈಗೆಟುಕುತ್ತದೆ.

ಸುನಿಲ್ ಗುಪ್ತಾ ಅವರನ್ನೇ ತಗೊಳ್ಳಿ. 1953ರಲ್ಲಿ ದೆಹಲಿಯಲ್ಲಿ ಹುಟ್ಟಿದವರು. ಎಂಬಿಎ ಓದಲು ನ್ಯೂಯಾರ್ಕ್‌ಗೆ ಹೋಗಿ, ಅದನ್ನು ಬಿಟ್ಟು ಕ್ಯಾಮೆರಾ ಹಿಡಿದರು. (ಒಬ್ಬರು ಸಿಎ, ಇನ್ನೊಬ್ಬರು ಎಂಬಿಎ ಬಿಟ್ಟವರು. ಹೂಡಿಕೆ ಲೆಕ್ಕ ಹಾಕುವವರಿಗೆ ಇದಕ್ಕಿಂತ ಒಳ್ಳೆ ಜೋಡಿ ಸಿಗಲಿಕ್ಕಿಲ್ಲ.) 1976ರಲ್ಲಿ ಅಲ್ಲಿನ ಸಲಿಂಗಿಗಳ ನೆಲೆಯಾಗಿದ್ದ ಕ್ರಿಸ್ಟೋಫರ್ ಸ್ಟ್ರೀಟ್‌ನಲ್ಲಿ ಓಡಾಡುವ ಗಂಡಸರ ಕಪ್ಪು ಬಿಳುಪು ಚಿತ್ರ ತೆಗೆದರು. ಹತ್ತು ವರ್ಷ ಬಿಟ್ಟು ದೆಹಲಿಯಲ್ಲಿ ‘ಎಕ್ಸೈಲ್ಸ್’ ಸರಣಿ ಮಾಡಿದರು. ಇಂಡಿಯಾ ಗೇಟ್, ಹುಮಾಯೂನ್ ಸಮಾಧಿಯಂಥ ಜಾಗದಲ್ಲಿ ಗಂಡಸರು ಕೂತಿದ್ದಾರೆ, ನಿಂತಿದ್ದಾರೆ. ಎಷ್ಟೋ ಕಡೆ ಮುಖ ಆ ಕಡೆ ತಿರುಗಿದೆ. ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ 377ನೇ ಕಲಂ ಇದ್ದ ಕಾಲ, ಮುಖ ತೋರಿಸಿದರೆ ಮನೆಯಲ್ಲಿ ಗೊತ್ತಾಗುತ್ತಿತ್ತು. ಜೊತೆಗೆ ಒಂದೆರಡು ಸಾಲು ಮಾತು. ಆ ಮಾತೂ ಕೃತಿಯ ಭಾಗವೇ, ಫ್ರೇಮ್ ಹಾಕಿಸುವಾಗ ಮೌಂಟ್ ಬೋರ್ಡಿನ ಕೆಳಗೆ ಮುಚ್ಚಿಹಾಕಬಾರದು. ಇಂಥ ಚಿತ್ರವನ್ನು ಹಾಲ್‌ನಲ್ಲಿ ಹಾಕಿದರೆ ಚಿಕ್ಕಮ್ಮನಿಗೆ ಕಾಣುವುದು ದೆಹಲಿ ಪ್ರವಾಸದ ಫೋಟೋ. ಗೊತ್ತಿದ್ದವರಿಗೆ ಬೇರೆಯದೇ ಕಾಣುತ್ತದೆ. ನನಗಂತೂ ಆ ಎರಡು ಪದರ ತುಂಬಾ ಇಷ್ಟ.

ತೇಜಲ್ ಶಾ ಅವರ 2006ರ ಹಿಜ್ರಾ ಫ್ಯಾಂಟಸಿ ಸರಣಿಯೂ ಹಾಗೇ. ತಾವು ಹೇಗೆ ಕಾಣಿಸಿಕೊಳ್ಳಬೇಕು ಅಂತ ಹಿಜ್ರಾ ಸಮುದಾಯದವರೇ ಕಂಡ ಕನಸನ್ನು ಚಿತ್ರ ಮಾಡಿದ್ದಾರೆ. ಒಂದರಲ್ಲಿ ಯಶೋದೆ, ಮಡಿಲಲ್ಲಿ ಕೃಷ್ಣ, ನೋಡಿದ ಕೂಡಲೇ ರವಿವರ್ಮನ ಕ್ಯಾಲೆಂಡರ್ ನೆನಪಾಗುತ್ತದೆ. ತಾಯಿಯಾಗುವ ಆಸೆ ಅಲ್ಲಿ ಕೂತಿದೆ. ಹೋಲಿಸಲು ಇದು ಒಳ್ಳೆಯ ಅಳತೆಗೋಲು. ಹೊರಗಿನಿಂದ ಬಂದು ಹಿಜ್ರಾಗಳದೋ ಜೋಗಪ್ಪಗಳದೋ ಮುಖ ತೆಗೆದು, ದೊಡ್ಡದಾಗಿ ಪ್ರಿಂಟ್ ಹಾಕಿ ಮಾರುವ ಫೋಟೋಗಳು ಬೇಕಾದಷ್ಟಿವೆ. ಅವುಗಳ ಮುಂದೆ ನಿಂತಾಗ ಒಂದೇ ಪ್ರಶ್ನೆ ಕೇಳಿ: ಇದರಲ್ಲಿರುವವರಿಗೆ ಇದು ಮಾರಾಟಕ್ಕಿರುವುದು ಗೊತ್ತಾ? ಉತ್ತರ ತಡವರಿಸಿದರೆ ನಾನು ಮುಂದೆ ಹೋಗಿಬಿಡುತ್ತೇನೆ.

ಫೋಟೋದ ಹಿಂಬದಿ ಅಥವಾ ಅಂಚಿನಲ್ಲಿ ಪೆನ್ಸಿಲಿನಲ್ಲಿ 2/7 ಅಂತ ಇರುತ್ತದೆ. ಏಳು ಪ್ರತಿಯಲ್ಲಿ ಎರಡನೆಯದು. ಅದರ ಹೊರಗೆ ಕಲಾವಿದರೇ ಇಟ್ಟುಕೊಳ್ಳುವ ಒಂದೆರಡು ಪ್ರತಿ, ‘ಆರ್ಟಿಸ್ಟ್ ಪ್ರೂಫ್’, ಇರುತ್ತವೆ. ಅದೇ ಚಿತ್ರ ಬೇರೆ ಸೈಜಿನಲ್ಲಿ ಬೇರೆ ಎಡಿಷನ್ ಆಗಿ ಬಂದಿದೆಯಾ ಅಂತ ಕೇಳಲು ಜನ ಮರೆಯುತ್ತಾರೆ. ಏಳೇ ಪ್ರತಿ ಅಂದುಕೊಂಡದ್ದು ಮೂರು ಸೈಜು ಸೇರಿ ಇಪ್ಪತ್ತಾಗಿರಬಹುದು. ಸಾಮಾನ್ಯವಾಗಿ ಎಡಿಷನ್ ಖಾಲಿಯಾಗುತ್ತಾ ಬಂದಂತೆ ಗ್ಯಾಲರಿ ಬೆಲೆ ಏರಿಸುತ್ತದೆ, ಹಾಗಾಗಿ ಮೊದಲ ಪ್ರತಿ ಅಗ್ಗ, ಕೊನೆಯದು ದುಬಾರಿ. ಆದರೆ ಅದು ಗ್ಯಾಲರಿ ಪಟ್ಟಿಯ ಬೆಲೆ. ನೀವು ವಾಪಸ್ ಒಯ್ದರೆ ಆ ಬೆಲೆಗೆ ಅವರು ಕೊಳ್ಳಲೇಬೇಕು ಅಂತೇನಿಲ್ಲ. ಫೋಟೋ ತೆಗೆದ ಕಾಲದಲ್ಲೇ ಮಾಡಿದ ಹಳೆಯ ಪ್ರಿಂಟಿಗೆ, ಈಗ ಹೊಸದಾಗಿ ಹಾಕಿದ ಪ್ರಿಂಟಿಗಿಂತ ಬೆಲೆ ಜಾಸ್ತಿ. ಬಿಲ್ಲಿನಲ್ಲಿ ಎರಡೂ ವರ್ಷ ಬರೆಸಿಕೊಳ್ಳಿ, ತೆಗೆದ ವರ್ಷ ಮತ್ತು ಪ್ರಿಂಟ್ ಆದ ವರ್ಷ.

ವಿಡಿಯೊ ಕೃತಿ ನಿಮಗೆ ಬೇಡ. ಮ್ಯೂಸಿಯಂಗಳಿಗೆ ಬಿಡಿ.

ಗ್ಯಾಲರಿಗೆ ಇನ್ನೊಂದು ಮಾತು ಮೊದಲೇ ಹೇಳಿ. ಮುಂದೆ ಪ್ರದರ್ಶನಕ್ಕೆ ಆ ಚಿತ್ರ ಎರವಲು ಹೋದರೆ ನಿಮ್ಮ ಹೆಸರು ಗೋಡೆ ಮೇಲೆ ಬರಬೇಕಾ, ‘ಖಾಸಗಿ ಸಂಗ್ರಹ’ ಅಂತ ಸಾಕಾ? ಆಫೀಸಿನಲ್ಲಿ, ಮನೆಯಲ್ಲಿ ಹೇಳಿಕೊಂಡಿಲ್ಲದವರಿಗೆ ಇದು ಸಣ್ಣ ವಿಷಯವಲ್ಲ. ಡಬ್ಬಿ ಯಾರ ವಿಳಾಸಕ್ಕೆ ಬರುತ್ತದೆ ಅನ್ನುವುದೂ ಅಷ್ಟೇ.

ನೇರವಾಗಿ ಕಲಾವಿದರಿಂದ

ನಾನು ಮೊದಲು ಕೊಂಡದ್ದು ಹೀಗೇ. ಬೆಂಗಳೂರಿನ ಒಂದು ಓಪನ್ ಸ್ಟುಡಿಯೊದಲ್ಲಿ, ಎ4 ಹಾಳೆಯಷ್ಟು ದೊಡ್ಡ ಇಂಕ್ ಚಿತ್ರ. ಇಬ್ಬರು ಹೆಂಗಸರು ಬಚ್ಚಲುಮನೆಯಲ್ಲಿ ಒಬ್ಬರ ತಲೆಗೆ ಒಬ್ಬರು ಎಣ್ಣೆ ಹಚ್ಚುತ್ತಿದ್ದಾರೆ. ಹಂಡೆಯ ಮಸಿಯನ್ನು ಎಷ್ಟು ಚೆನ್ನಾಗಿ ಬರೆದಿದ್ದರೆಂದರೆ ಬೆರಳಿಟ್ಟರೆ ಅಂಟಬೇಕು. ಎಂಟು ಸಾವಿರ, ಫೋನಿನಲ್ಲೇ ದುಡ್ಡು ಕಳಿಸಿದೆ. ಚಿತ್ರವನ್ನು ಹಳೇ ಪೇಪರಿನಲ್ಲಿ ಸುತ್ತಿಕೊಂಡು ಮನೆಗೆ ಬಂದೆ. ಬಿಲ್ಲೂ ಇಲ್ಲ, ಸರ್ಟಿಫಿಕೇಟೂ ಇಲ್ಲ.

ಮೂರು ವರ್ಷ ಬಿಟ್ಟು ಒಂದು ಪ್ರದರ್ಶನದವರು ಅದನ್ನು ಎರವಲು ಕೇಳಿದರು. ಕಾಗದ ಕೊಡಿ ಅಂದರು. ಕಲಾವಿದೆಗೆ ಫೋನ್ ಮಾಡಿದೆ. ಅಷ್ಟರಲ್ಲಿ ಅವರು ತಮ್ಮ ಲಿಂಗತ್ವಕ್ಕೆ ತಕ್ಕಂತೆ ಹೆಸರು ಬದಲಿಸಿಕೊಂಡಿದ್ದರು. ನನ್ನ ಚಿತ್ರದ ಮೂಲೆಯಲ್ಲಿ ಹಳೇ ಹೆಸರಿನ ಸಹಿ. ನನಗೆ ಏನು ಕೇಳಬೇಕೋ ತಿಳಿಯಲಿಲ್ಲ. ಅವರೇ ಸಲೀಸಾಗಿ ಬಗೆಹರಿಸಿದರು. ಹೊಸ ಹೆಸರಿನಲ್ಲಿ ಸರ್ಟಿಫಿಕೇಟ್ ಬರೆದರು, ಚಿತ್ರದ ಫೋಟೋ ಅಂಟಿಸಿದರು, ‘ಇದರ ಮೇಲಿನ ಸಹಿಯೂ ನನ್ನದೇ’ ಅಂತ ಒಂದು ಸಾಲು ಸೇರಿಸಿದರು. ಗೋಡೆಯ ಲೇಬಲ್‌ನಲ್ಲಿ ಹೊಸ ಹೆಸರು ಮಾತ್ರ. ಹಳೇ ಹೆಸರು ನನ್ನ ಫೈಲಿನಲ್ಲಿದೆ, ಅದನ್ನು ಯಾರಿಗೂ ತೋರಿಸುವುದಿಲ್ಲ. ಆದರೆ ಎಸೆಯುವುದೂ ಇಲ್ಲ. ನಾಳೆ ಆ ಸಹಿ ಯಾರದು ಅಂತ ಅನುಮಾನ ಬಂದರೆ ಕೊಂಡಿ ಇರಬೇಕಲ್ಲ. ಕ್ವಿಯರ್ ಕಲೆ ಕೊಳ್ಳುವವರು ಇದನ್ನು ಮೊದಲ ದಿನವೇ ಮಾತಾಡಿಕೊಳ್ಳುವುದು ಒಳ್ಳೆಯದು: ನಿಮ್ಮ ಹೆಸರನ್ನು ಎಲ್ಲಿ ಹೇಗೆ ಬರೆಯಲಿ? ‘ಕ್ವಿಯರ್ ಕಲಾವಿದೆ’ ಅನ್ನಲಾ, ಸುಮ್ನೆ ಕಲಾವಿದೆ ಅನ್ನಲಾ? ಎರಡನೆಯದು ಸಾಕು ಅನ್ನುವವರೂ ಇದ್ದಾರೆ. ಅವರ ಬದುಕನ್ನು ನೀವು ಕೊಂಡಿಲ್ಲ.

ಕೃತಿಸ್ವಾಮ್ಯವನ್ನೂ ನೀವು ಕೊಂಡಿರುವುದಿಲ್ಲ. ಚಿತ್ರ ನಿಮ್ಮದು, ಅದನ್ನು ಟೀ ಶರ್ಟಿನ ಮೇಲೆ ಹಾಕುವ ಹಕ್ಕು ಬರೆದುಕೊಡದ ಹೊರತು ಕಲಾವಿದರದೇ.

ಗ್ಯಾಲರಿಗೆ ಹೋಲಿಸಿದರೆ ಇಲ್ಲಿ ಪೂರ್ತಿ ದುಡ್ಡು ಕಲಾವಿದರ ಕೈಗೆ ಹೋಗುತ್ತದೆ. ಗ್ಯಾಲರಿಯಲ್ಲಿ ಕೊಂಡರೆ ಮೂರನೇ ಒಂದರಿಂದ ಅರ್ಧದವರೆಗೂ ಗ್ಯಾಲರಿಯವರ ಪಾಲು. ಆದರೆ ಆ ಪಾಲಿಗೆ ಅವರು ಪ್ರದರ್ಶನ ಮಾಡುತ್ತಾರೆ, ಕ್ಯಾಟಲಾಗ್ ತರುತ್ತಾರೆ, ಮ್ಯೂಸಿಯಂನವರಿಗೆ ತೋರಿಸುತ್ತಾರೆ. ಮುಂದೆ ಬೆಲೆ ಅಂತ ಒಂದು ಹುಟ್ಟುವುದಿದ್ದರೆ ಅದು ಹುಟ್ಟುವುದು ಇದರಿಂದ. ಈಗಾಗಲೇ ಗ್ಯಾಲರಿ ಇರುವ ಕಲಾವಿದರಿಗೆ ಇನ್‌ಸ್ಟಾಗ್ರಾಂನಲ್ಲಿ ‘ನನಗೆ ಕಮ್ಮಿಗೆ ಕೊಡಿ’ ಅಂತ ಮೆಸೇಜ್ ಹಾಕಬೇಡಿ, ಅವರಿಗೆ ಅದು ಫಜೀತಿ. ಗ್ಯಾಲರಿ ಇಲ್ಲದವರ ಹತ್ತಿರ ಚೌಕಾಸಿಯೇ ಬೇಡ. ಎರಡು ಕಂತಿನಲ್ಲಿ ಕೊಡಲಾ ಅಂತ ಕೇಳಿ. ನನಗೆ ಇದುವರೆಗೆ ಯಾರೂ ಇಲ್ಲ ಅಂದಿಲ್ಲ.

ಗೋಡೆ ಚಿತ್ರ, ಜೀನ್ (zine)

ಇವೆರಡನ್ನೂ ಮಾರಿ ಲಾಭ ಮಾಡಲು ಆಗುವುದಿಲ್ಲ. ಅದಕ್ಕೇ ನನಗೆ ಇಷ್ಟ. ಬೆಂಗಳೂರಿನ ಅರವಾಣಿ ಆರ್ಟ್ ಪ್ರಾಜೆಕ್ಟ್ 2016ರಿಂದ ಟ್ರಾನ್ಸ್ ಮಹಿಳೆಯರನ್ನೂ ಉಳಿದವರನ್ನೂ ಸೇರಿಸಿಕೊಂಡು ಊರೂರ ಗೋಡೆ ಬಣ್ಣ ಮಾಡುತ್ತಿದೆ. 2024ರ ವೆನಿಸ್ ಬಿಯೆನಾಲೆಯಲ್ಲೂ ಅವರ ದೊಡ್ಡ ಗೋಡೆ ಇತ್ತು. ಶಾಲೆಯೋ, ಆಫೀಸೋ, ಅಪಾರ್ಟ್‌ಮೆಂಟ್ ಕಾಂಪೌಂಡೋ ಕೈಲಿದ್ದರೆ ಇಂಥ ಗುಂಪಿಗೆ ಕೆಲಸ ಕೊಡುವುದು ಚಿತ್ರ ಕೊಳ್ಳುವುದಕ್ಕಿಂತ ಹೆಚ್ಚು ಜನಕ್ಕೆ ಕೂಲಿಯಾಗುತ್ತದೆ. ಎರಡು ಮಳೆಗಾಲ ಕಳೆದರೆ ಬಣ್ಣ ಮಾಸುತ್ತದೆ, ಅದು ಬೇರೆ ಮಾತು.

ಐನೂರರಿಂದ ಸಾವಿರ ರೂಪಾಯಿ ಬಜೆಟ್ ಇರುವವರು ಜೀನ್ ಕೊಳ್ಳಿ. ಹೆಚ್ಚಾಗಿ ಕೈಯಲ್ಲಿ ಹೊಲಿದ, ಜೆರಾಕ್ಸ್ ಮಾಡಿದ ಪುಟ್ಟ ಪುಸ್ತಕ. ಗೇಸಿ ಅನ್ನುವ ಕ್ವಿಯರ್ ಬಳಗದವರೂ ಜೀನ್ ತಂದಿದ್ದಾರೆ. ಬೀರುವಿನಲ್ಲಿ ಇಡಲೇಬೇಕಾದವರಿಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಜಾಗ ಸಾಲದಾದಾಗ ಎಸೆಯಬೇಡಿ. ಇಂಥ ಕಾಗದಗಳನ್ನು ಕಾಪಾಡಲೆಂದೇ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಕಮ್ರಾ ಅನ್ನುವ ಕ್ವಿಯರ್ ದಾಖಲೆ ಸಂಗ್ರಹವಿದೆ. ಕೊಡಬಹುದಾ ಅಂತ ಕೇಳಿ ನೋಡಿ.

ಬೂಷ್ಟು, ಕಸ್ಟಮ್ಸ್, ತೆರಿಗೆ

ನನ್ನ ಎಣ್ಣೆ ಹಚ್ಚುವ ಹೆಂಗಸರಿಗೆ ಕುತ್ತು ತಂದದ್ದು ಫ್ರೇಮು. ನಮ್ಮ ಏರಿಯಾದ ಫ್ರೇಮಿನವರು ಹಿಂದೆ ಸಾದಾ ರಟ್ಟು ಇಟ್ಟು, ಕಂದು ಟೇಪ್ ಹೊಡೆದು ಕೊಟ್ಟಿದ್ದರು. ಒಂದು ಜುಲೈ ಕಳೆಯುವುದರಲ್ಲಿ ಒಬ್ಬಳ ಭುಜದ ಮೇಲೆ ಸಾಸಿವೆಯಂಥ ಕಂದು ಚುಕ್ಕೆ. ಕೆಲಸ ಬಲ್ಲವರೊಬ್ಬರು ಬಿಡಿಸಿ, ಸ್ವಚ್ಛ ಮಾಡಿ, ಆಸಿಡ್ ಇಲ್ಲದ ಬೋರ್ಡ್ ಹಾಕಿ ಕೊಡಲು ತಗೊಂಡದ್ದು ಚಿತ್ರದ ಬೆಲೆಗಿಂತ ಜಾಸ್ತಿ. ಮಂಗಳೂರು, ಕಾರವಾರ, ಮಡಿಕೇರಿ ಕಡೆಯವರು ಕಾಗದದ ಕೆಲಸ ಕೊಂಡರೆ ಫ್ರೇಮಿನ ಖರ್ಚನ್ನು ಮೊದಲೇ ಬಜೆಟ್ಟಿಗೆ ಸೇರಿಸಿ. ಹೊರಗೋಡೆಗೆ ನೇತು ಹಾಕಬೇಡಿ, ತೇವ ಎಳೆಯುತ್ತದೆ.

ಹೊರದೇಶದಿಂದ ತರಿಸುವವರಿಗೆ, ಅಲ್ಲಿಂದ ಊರಿಗೆ ತರುವ ಕನ್ನಡಿಗರಿಗೆ ಒಂದು ಎಚ್ಚರಿಕೆ. ಹೆಸರಾದ ಕಲಾವಿದರಾದ ಎಫ್.ಎನ್. ಸೋಜಾ, ಅಕ್ಬರ್ ಪದಮ್‌ಸಿ ಅವರ ನಗ್ನ ಚಿತ್ರಗಳನ್ನೇ ಮುಂಬೈ ಕಸ್ಟಮ್ಸ್‌ನವರು ಅಶ್ಲೀಲ ಅಂತ ತಡೆದಿದ್ದರು. 2024ರ ಅಕ್ಟೋಬರ್‌ನಲ್ಲಿ ಬಾಂಬೆ ಹೈಕೋರ್ಟ್ ಅದನ್ನು ರದ್ದು ಮಾಡಿತು. ನಗ್ನವಾದದ್ದೆಲ್ಲ ಅಶ್ಲೀಲವಲ್ಲ ಅನ್ನುವುದು ತೀರ್ಪಿನ ತಿರುಳು. ತೀರ್ಪು ನಿಮ್ಮ ಪರವಾಗಿದೆ, ಸರಿ. ಆದರೆ ಹೈಕೋರ್ಟಿಗೆ ಹೋಗುವಷ್ಟು ದುಡ್ಡು, ತಾಳ್ಮೆ ನಿಮಗಿದೆಯಾ? ಇಬ್ಬರು ಗಂಡಸರ ಬೆತ್ತಲೆ ಚಿತ್ರವನ್ನು ನಾನಾದರೆ ಇಲ್ಲೇ ಕೊಳ್ಳುತ್ತೇನೆ.

ತೆರಿಗೆ ಬೇಗ ಹೇಳಿ ಮುಗಿಸುತ್ತೇನೆ. ಕೈಯಿಂದ ಬರೆದ ಚಿತ್ರ, ಶಿಲ್ಪದ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 12ರಿಂದ 5 ಪರ್ಸೆಂಟ್‌ಗೆ ಇಳಿದಿದೆ. ಫೋಟೋ ಪ್ರಿಂಟಿಗೆ ಬೇರೆ ದರ ಬೀಳಬಹುದು, ಬಿಲ್ಲನ್ನು ನೋಡಿಯೇ ದುಡ್ಡು ಕೊಡಿ. ಮಾರುವಾಗ, ಇದು ಮನೆಯ ಸಾಮಾನು, ಟ್ಯಾಕ್ಸ್ ಇಲ್ಲ ಅಂದುಕೊಳ್ಳಬೇಡಿ. ಸೋಫಾ ಬೇರೆ, ಚಿತ್ರ ಬೇರೆ. ಕಲಾಕೃತಿ ಬಂಡವಾಳ ಆಸ್ತಿ. 24 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡು ಮಾರಿದರೆ ಲಾಭದ ಮೇಲೆ 12.5 ಪರ್ಸೆಂಟ್. ಅದಕ್ಕೂ ಮುಂಚೆ ಮಾರಿದರೆ ನಿಮ್ಮ ಸ್ಲ್ಯಾಬ್ ಪ್ರಕಾರ. ಕೊಂಡ ಬೆಲೆಗೆ ಬಿಲ್ಲೇ ಇಲ್ಲದಿದ್ದರೆ ಲಾಭ ಎಷ್ಟು ಅಂತ ತೋರಿಸುವುದು ಹೇಗೆ? ನನ್ನ ಎಂಟು ಸಾವಿರಕ್ಕೆ ಈಗಲೂ ಸಾಕ್ಷಿ ಫೋನಿನ ಒಂದು ಸ್ಕ್ರೀನ್‌ಶಾಟ್.

ಗೆಳೆಯನಿಗೆ ಕೊನೆಗೆ ಹೇಳಿದ್ದು

ಒಂದು ಲಕ್ಷವನ್ನು ಹರಾಜಿಗೆ ಒಯ್ಯಬೇಡ ಅಂದೆ. ಮೊದಲು ಮೂರು ತಿಂಗಳು ಸುಮ್ನೆ ನೋಡು. ಕಸ್ತೂರ್ಬಾ ರಸ್ತೆಯ ಮ್ಯಾಪ್ ಮ್ಯೂಸಿಯಂಗೆ ಹೋಗಿ ಫೋಟೋ ಪ್ರಿಂಟ್ ಅಂದರೆ ಹತ್ತಿರದಿಂದ ಹೇಗಿರುತ್ತದೆ ಅಂತ ನೋಡಿ ಬಾ. ಜನವರಿಯಲ್ಲಿ ಚಿತ್ರಸಂತೆಗೂ ಹೋಗು, ಕುಮಾರಕೃಪಾ ರಸ್ತೆಯ ಆ ಜಾತ್ರೆಯಲ್ಲಿ ಕಲಾವಿದರೇ ಎದುರಿಗೆ ಕೂತಿರುತ್ತಾರೆ, ರೇಟು ಕೇಳುವ ಸಂಕೋಚ ಹೋಗುತ್ತದೆ. ಆಮೇಲೆ 70 ಸಾವಿರಕ್ಕೆ ಗ್ಯಾಲರಿಯಿಂದ ಒಂದು ಒಳ್ಳೆಯ ಫೋಟೋ, ಎಡಿಷನ್‌ನ ಮೊದಲ ನಂಬರಿನಲ್ಲಿ. 20 ಸಾವಿರಕ್ಕೆ ನಿನಗಿಂತ ಚಿಕ್ಕವರೊಬ್ಬರ ಕಾಗದದ ಕೆಲಸ, ನೇರವಾಗಿ, ಬಿಲ್ ಸಮೇತ. ಉಳಿದ ಹತ್ತು ಸಾವಿರ ಫ್ರೇಮಿಗೆ. ಹತ್ತು ವರ್ಷ ಬೆಲೆ ಕೇಳಬೇಡ.

‘ಅಮ್ಮ ಬಂದಾಗ?’ ಅಂದ.

‘ಫೋಟೋ ಹಾಲ್‌ಗೆ, ಚಿಕ್ಕದು ರೂಮಿಗೆ. ಎಣ್ಣೆ ಹಚ್ಚುವ ಹೆಂಗಸರನ್ನು ನಮ್ಮಮ್ಮ ನೋಡಿ, ಹಂಡೆ ಚೆನ್ನಾಗಿದೆ ಅಂದ್ರು. ಅಷ್ಟೇ ಅಂದದ್ದು.’

ಹತ್ತು ಲಕ್ಷಕ್ಕೂ ಜಾಸ್ತಿ ಇದ್ದು, ಹೂಡಿಕೆಯೇ ಮುಖ್ಯ ಅನ್ನುವವರಿಗೆ ಚಿತ್ರ ಬಲ್ಲ ಒಬ್ಬ ಒಳ್ಳೆಯ ಸಿಎ ಬೇಕು. ಬರೋಡಾದಲ್ಲಿ ಒಬ್ಬರಿದ್ದರು.